ಗೋಡೆ ಬರಹದ ವೈದ್ಯನಿಗೆ ಕೊಡುವ ದುಡ್ಡಲ್ಲಿ ಒಂದು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ

ಊರಿನ ಸುದ್ದಿ ಬರೆಯುವ ನಮಗೆ ನಿಧನ ವಾರ್ತೆ ಬರೆಯುವುದೂ ಒಂದು ಕೆಲಸ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಯಾವ ತಾಲ್ಲೂಕಿನಿಂದ ಬಂದರೂ ಆ ವಾರ್ತೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ಹೃದಯಾಘಾತದಿಂದ ನಿಧನರಾದರು.’ ಕೆಳಗೆ ವಯಸ್ಸು ನೋಡಿದರೆ ಐವತ್ತರ ಆಸುಪಾಸು. ಮನೆಯವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ. ‘ಚೆನ್ನಾಗೇ ಇದ್ರು, ಏನೂ ಇರಲಿಲ್ಲ. ಬೆಳಿಗ್ಗೆ ತೋಟಕ್ಕೂ ಹೋಗಿ ಬಂದಿದ್ರು.’

ಏನೂ ಇರಲಿಲ್ಲ ಎನ್ನುವುದು ಎಷ್ಟು ನಿಜ? ಅನೇಕ ಗಂಡಸರ ವಿಷಯದಲ್ಲಿ ಒಂದು ಸೂಚನೆ ಎರಡು ಮೂರು ವರ್ಷ ಮೊದಲೇ ಬಂದಿರುತ್ತದೆ. ಅದು ಗೊತ್ತಿರುವುದು ಅವರಿಗೊಬ್ಬರಿಗೆ, ಹೆಚ್ಚೆಂದರೆ ಹೆಂಡತಿಗೆ. ಆ ಸೂಚನೆ ಎದೆಯಲ್ಲಿ ಬರುವುದಿಲ್ಲ, ಹಾಸಿಗೆಯಲ್ಲಿ ಬರುತ್ತದೆ. ಶಿಶ್ನ ಮೊದಲಿನ ಹಾಗೆ ನಿಮಿರುವುದಿಲ್ಲ, ನಿಮಿರಿದರೂ ನಿಲ್ಲುವುದಿಲ್ಲ. ವೈದ್ಯರು ಇದನ್ನು ನಿಮಿರು ದೌರ್ಬಲ್ಯ ಎನ್ನುತ್ತಾರೆ. ಊರಿನ ಬಾಯಲ್ಲಿ ಇದಕ್ಕೆ ‘ನರ ದೌರ್ಬಲ್ಯ’, ‘ಗಂಡಸ್ತನದ ತೊಂದರೆ’ ಎಂಬ ಹೆಸರುಗಳಿವೆ.

ನಾವು ಇವತ್ತು ಹೇಳಹೊರಟಿರುವುದು ಇಷ್ಟೇ. ನಲವತ್ತು ದಾಟಿದ ಗಂಡಸಿಗೆ ಈ ತೊಂದರೆ ನಿಧಾನವಾಗಿ ಶುರುವಾದರೆ, ಅದನ್ನು ನರದ ಕಾಯಿಲೆ ಎಂದೋ ವಯಸ್ಸಾಯಿತು ಎಂದೋ ಬಿಡಬಾರದು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ರಕ್ತನಾಳ ಹಾಳಾಗುತ್ತಿರುವುದರ ಮೊದಲ ಗುರುತು ಅದಾಗಿರಬಹುದು. ಅದನ್ನು ಗುಟ್ಟಾಗಿಟ್ಟು ಗೋಡೆ ಬರಹದ ವೈದ್ಯನ ಹತ್ತಿರ ಹೋದರೆ ದುಡ್ಡೂ ಹೋಗುತ್ತದೆ, ಹೃದಯ ಉಳಿಸಿಕೊಳ್ಳಲು ಸಿಕ್ಕ ಸಮಯವೂ ಹೋಗುತ್ತದೆ.

ಸಣ್ಣ ಪೈಪು ಮೊದಲು ಕಟ್ಟುತ್ತದೆ

ನಮ್ಮಲ್ಲಿ ಎಷ್ಟೋ ಮನೆಗೆ ಈಗಲೂ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಮೇಲಿಂದ ದಪ್ಪ ಪೈಪು ಇಳಿದು ಬರುತ್ತದೆ, ಮನೆ ಹತ್ತಿರ ಅದಕ್ಕೆ ಸಣ್ಣ ಪೈಪು ಜೋಡಿಸಿರುತ್ತಾರೆ. ಮಳೆಗಾಲ ಕಳೆದ ಮೇಲೆ ಪಾಚಿ, ಮಣ್ಣು ಕಟ್ಟಿಕೊಂಡರೆ ಮೊದಲು ನೀರು ನಿಲ್ಲುವುದು ಎಲ್ಲಿ? ಸಣ್ಣ ಪೈಪಿನಲ್ಲಿ. ದಪ್ಪ ಪೈಪಿನಲ್ಲೂ ಅದೇ ಪಾಚಿ ಇದೆ, ಆದರೆ ಅಲ್ಲಿ ನೀರು ಇನ್ನೂ ಹರಿಯುತ್ತಿರುತ್ತದೆ. ಸಣ್ಣ ಪೈಪು ಕಟ್ಟಿದಾಗ ಬುದ್ಧಿವಂತ ನಲ್ಲಿ ಬದಲಾಯಿಸುತ್ತಾ ಕೂರುವುದಿಲ್ಲ. ಗುಡ್ಡ ಹತ್ತಿ ಇಡೀ ಲೈನು ನೋಡಿಕೊಂಡು ಬರುತ್ತಾನೆ.

ದೇಹದೊಳಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಶಿಶ್ನಕ್ಕೆ ರಕ್ತ ಕೊಡುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯಕ್ಕೆ ರಕ್ತ ಕೊಡುವ ನಾಳದ್ದು 3ರಿಂದ 4 ಮಿಲಿಮೀಟರ್. ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ನಾಳ ಇನ್ನೂ ದಪ್ಪ, 5ರಿಂದ 7 ಮಿಲಿಮೀಟರ್. ಕೊಲೆಸ್ಟ್ರಾಲ್ ಒಂದು ಕಡೆ ಮಾತ್ರ ಕೂರುವುದಿಲ್ಲ, ಎಲ್ಲ ನಾಳದ ಗೋಡೆಯಲ್ಲೂ ಸೇರಿಕೊಳ್ಳುತ್ತಾ ಹೋಗುತ್ತದೆ. ಅದರ ಪರಿಣಾಮ ಮೊದಲು ಕಾಣುವುದು ಸಣ್ಣ ನಾಳದಲ್ಲಿ.

ಇಟಲಿಯ ವೈದ್ಯ ಫ್ರಾನ್ಸೆಸ್ಕೊ ಮೊಂಟೋರ್ಸಿ ಮತ್ತು ಅವರ ಜೊತೆಯವರು ಇದನ್ನು ಲೆಕ್ಕ ಹಾಕಿಯೇ ತೋರಿಸಿದರು. ಎದೆನೋವೆಂದು ಬಂದು ಹೃದಯದ ನಾಳ ಕಟ್ಟಿರುವುದು ಖಚಿತವಾದ 300 ಗಂಡಸರನ್ನು ಅವರು ಮಾತಾಡಿಸಿದರು. 147 ಜನರಿಗೆ ನಿಮಿರು ದೌರ್ಬಲ್ಯ ಇತ್ತು. ಆ 147ರಲ್ಲಿ 99 ಜನರಿಗೆ ಅದು ಶುರುವಾಗಿದ್ದು ಎದೆನೋವಿಗಿಂತ ಮೊದಲು. ಎರಡರ ನಡುವೆ ಸರಾಸರಿ 39 ತಿಂಗಳ ಅಂತರ. ಈ ವರದಿ ಪ್ರಕಟವಾಗಿದ್ದು 2003ರಲ್ಲಿ.

39 ತಿಂಗಳು ಅಂದರೆ ಮೂರು ವರ್ಷಕ್ಕೂ ಹೆಚ್ಚು. ಅಡಿಕೆ ಲೆಕ್ಕದಲ್ಲಿ ಹೇಳುವುದಾದರೆ ಮೂರು ಕೊಯ್ಲು. ಮೂರು ಕೊಯ್ಲು ಮುಗಿಯುವವರೆಗೆ ದೇಹ ಎಚ್ಚರಿಸುತ್ತಲೇ ಇರುತ್ತದೆ. ನಾವು ಅದನ್ನು ಹೊದಿಕೆಯೊಳಗೆ ಮುಚ್ಚಿಡುತ್ತೇವೆ.

ಬರೀ ಕಟ್ಟಿಕೊಳ್ಳುವುದಲ್ಲ, ಗೋಡೆಯೇ ಒರಟಾಗುತ್ತದೆ

ಪೈಪಿನ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕಿದೆ. ಅದರ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಅದು ಬಿಡುಗಡೆಯಾದಾಗ ನಾಳ ಸಡಿಲವಾಗಿ ಅಗಲವಾಗುತ್ತದೆ, ರಕ್ತ ನುಗ್ಗುತ್ತದೆ. ನಿಮಿರುವುದು ಎಂದರೆ ಇದೇ, ರಕ್ತ ತುಂಬಿಕೊಂಡು ಅಲ್ಲೇ ನಿಲ್ಲುವುದು. ಈ ಅನಿಲ ರಕ್ತನಾಳಕ್ಕೆ ಸುದ್ದಿ ಮುಟ್ಟಿಸುವ ಬಗೆಯನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು.

ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಜಾಸ್ತಿಯಾದಾಗ ಈ ಒಳಪದರ ಕೆಡುತ್ತದೆ, ಅನಿಲದ ಉತ್ಪತ್ತಿ ಕಮ್ಮಿಯಾಗುತ್ತದೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ ಸೇರಿಕೊಂಡರೆ ಇನ್ನೂ ಬೇಗ ಕೆಡುತ್ತದೆ. ನಾಳ ಪೂರ್ತಿ ಕಟ್ಟುವ ಎಷ್ಟೋ ಮೊದಲೇ ಅದು ಅಗಲವಾಗುವುದನ್ನು ಮರೆತಿರುತ್ತದೆ. ಅದಕ್ಕೇ ಎದೆನೋವು ಇಲ್ಲದವನಿಗೂ ಈ ತೊಂದರೆ ಬರುವುದು.

ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಕಮ್ಮಿಯಾದರೂ ಕಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ ಮಾಡಿದ ದೊಡ್ಡ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅಲ್ಲಿ 52 ಶೇಕಡಾ ಜನರಿಗೆ ಸ್ವಲ್ಪವೋ ಹೆಚ್ಚೋ ನಿಮಿರು ದೌರ್ಬಲ್ಯ ಇತ್ತು. ಎಚ್‌ಡಿಎಲ್ ಕಮ್ಮಿ ಇದ್ದವರಲ್ಲಿ ಅದು ಜಾಸ್ತಿ ಕಂಡಿತು. ಅಂದರೆ ಈ ತೊಂದರೆ ಇರುವವನು ಊರಿಗೆ ಒಬ್ಬನೇ ಅಲ್ಲ. ಸೊಸೈಟಿ ಮಹಾಸಭೆಯಲ್ಲಿ ಸಾಲಾಗಿ ಕೂತವರಲ್ಲಿ ಎಷ್ಟೋ ಜನ ಒಬ್ಬರಿಗೊಬ್ಬರು ಹೇಳದೆ ಇದೇ ಗುಟ್ಟು ಇಟ್ಟುಕೊಂಡಿರಬಹುದು.

‘ಗುಡ್ಡ ಹತ್ತುವವರಿಗೆ ಎಂಥ ಕೊಲೆಸ್ಟ್ರಾಲ್?’

ಈ ಮಾತು ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅಜ್ಜನ ಕಾಲದಲ್ಲಿ ಅದಕ್ಕೆ ಅರ್ಥವೂ ಇತ್ತು. ಕೆರೆಕಟ್ಟೆಯಿಂದ ನೆಮ್ಮಾರಿಗೆ, ಶೃಂಗೇರಿಗೆ ನಡೆದೇ ಹೋಗಿಬರುತ್ತಿದ್ದ ತಲೆಮಾರು ಅದು. ಈಗ ತೋಟದ ಗೇಟಿನವರೆಗೂ ಬೈಕು. ಕಳೆ ಕೊಚ್ಚಲು ಮೆಷಿನ್ನು. ಮರ ಹತ್ತುವ ಬದಲು ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಕೊನೆ ಇಳಿಸುತ್ತಾರೆ. ಇವು ಬಂದದ್ದು ಒಳ್ಳೆಯದೇ, ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿತು. ಆದರೆ ಕೆಲಸ ಕಮ್ಮಿಯಾದ ಹಾಗೆ ಊಟ ಕಮ್ಮಿಯಾಗಲಿಲ್ಲ.

ಊಟವೂ ಬದಲಾಗಿದೆ. ಕಡುಬು, ರೊಟ್ಟಿ, ಕೆಸುವಿನ ಸೊಪ್ಪಿನ ಜಾಗದಲ್ಲಿ ಬೇಕರಿ ಪಫ್ಸು, ಒಂದೇ ಎಣ್ಣೆಯಲ್ಲಿ ಹತ್ತು ಸಲ ಕರಿದ ಬಜ್ಜಿ, ಗೋಬಿ. ಸಂಜೆಗೆ ಕ್ವಾರ್ಟರು, ನೆಂಚಿಕೊಳ್ಳಲು ಕೊಬ್ಬಿರುವ ಹಂದಿ ಮಾಂಸದ ತುಂಡು. ಬಿಳಿ ಅಕ್ಕಿ ಅನ್ನ ಮೂರು ಹೊತ್ತು. ಅನ್ನ, ಸಕ್ಕರೆ, ಹೆಂಡ ಜಾಸ್ತಿಯಾದರೆ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು ಏರುತ್ತದೆ.

ಮಾಂಸ ಮುಟ್ಟದವರು ನಿಶ್ಚಿಂತೆಯಾಗಿ ಇರಬಹುದೇ? ಇಲ್ಲ. ತುಪ್ಪ, ತೆಂಗಿನೆಣ್ಣೆ, ಕರಿದ ತಿಂಡಿ, ಸಿಹಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅಲ್ಲದೆ ಎಷ್ಟೋ ಜನರಿಗೆ ಕೊಲೆಸ್ಟ್ರಾಲ್ ಬರುವುದು ತಟ್ಟೆಯಿಂದಲ್ಲ, ವಂಶದಿಂದ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುತ್ತದೆ. ಅಪ್ಪ, ಚಿಕ್ಕಪ್ಪ ಐವತ್ತರೊಳಗೆ ಹೃದಯಾಘಾತದಿಂದ ಹೋಗಿದ್ದರೆ ಮಕ್ಕಳು ಸಣಕಲಾಗಿದ್ದರೂ ಪರೀಕ್ಷೆ ಮಾಡಿಸಲೇಬೇಕು.

ಇದು ಪೇಟೆಯವರ ಕಾಯಿಲೆ ಎನ್ನುವವರಿಗೆ ಇನ್ನೊಂದು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಇಂಡಿಯಾಬ್ ಸಮೀಕ್ಷೆ ದೇಶದ ಎಲ್ಲ ರಾಜ್ಯಗಳಲ್ಲಿ 1,13,043 ಜನರನ್ನು ನೋಡಿತು. ಅದರಲ್ಲಿ 79,506 ಜನ ಹಳ್ಳಿಯವರೇ. 2023ರಲ್ಲಿ ಬಂದ ಆ ವರದಿ ಪ್ರಕಾರ 81.2 ಶೇಕಡಾ ಜನರಲ್ಲಿ ರಕ್ತದ ಕೊಬ್ಬಿನ ಯಾವುದಾದರೂ ಒಂದು ಲೆಕ್ಕ ತಪ್ಪಿತ್ತು. ಹೆಚ್ಚಿನವರಲ್ಲಿ ಕಂಡಿದ್ದು ಒಳ್ಳೆಯ ಕೊಲೆಸ್ಟ್ರಾಲ್ ಕಮ್ಮಿ ಇರುವುದು. ಕೊಲೆಸ್ಟ್ರಾಲ್‌ಗೆ ನೋವಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ರಕ್ತ ತೆಗೆದು ನೋಡದೆ ಗೊತ್ತಾಗುವುದಿಲ್ಲ.

ಹಾಸನದ ಗದ್ದಲ, ನಮ್ಮ ಮೌನ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆಗ ಊರೂರಲ್ಲಿ ಗಂಡಸರು ಎದೆ ಮುಟ್ಟಿ ನೋಡಿಕೊಂಡರು. 2025ರ ಜೂನ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಮೇಲೊಂದು ಬಂದಾಗ ಮತ್ತೆ ಭಯ. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದ ಸಾಲು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವಿನಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಸಮಿತಿ ಜುಲೈನಲ್ಲಿ ಹೇಳಿತು.

ಜನ ನಿರಾಳವಾದರು. ನಮಗೆ ಆ ಮಾತು ಇನ್ನೂ ಹೆಚ್ಚು ಭಯ ಹುಟ್ಟಿಸಬೇಕಿತ್ತು. ಅಸಹಜ ಅಲ್ಲ ಎಂದರೆ ಇಷ್ಟು ಜನ ಹೀಗೆ ಹೋಗುವುದು ಮಾಮೂಲಿ ಎಂದಾಯಿತಲ್ಲ.

ಆ ದಿನಗಳಲ್ಲಿ ಟಿ.ವಿ.ಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಹೃದಯದ ಸೂಚನೆಗಳ ಪಟ್ಟಿ ಓಡಾಡಿತು. ಎಡಗೈ ನೋವು, ಬೆವರು, ಉಸಿರು ಕಟ್ಟುವುದು. ಇವು ಆಘಾತ ಆಗುತ್ತಿರುವಾಗಿನ ಸೂಚನೆಗಳು. ವರ್ಷಗಳ ಮೊದಲೇ ಬರುವ ಈ ಇನ್ನೊಂದು ಸೂಚನೆಯನ್ನು ಹೇಳಿದವರು ಕಮ್ಮಿ. ಹೇಳಲು ನಾಚಿಕೆ, ಅಷ್ಟೇ.

ಕೆರೆಕಟ್ಟೆಯಂಥ ಊರಿಗೆ ಈ ನಾಚಿಕೆ ದುಬಾರಿ. ನಕ್ಷೆ ನೋಡಿ. ಒಂದು ಕಡೆ ಕಾಡಿನ ರಸ್ತೆಯಲ್ಲಿ ಶೃಂಗೇರಿಗೆ ಹೋಗಬೇಕು, ಇನ್ನೊಂದು ಕಡೆ ಘಾಟಿ ಇಳಿದು ಕಾರ್ಕಳಕ್ಕೆ. ದೊಡ್ಡ ಕಾಯಿಲೆ ಎಂದರೆ ಮಣಿಪಾಲವೋ ಮಂಗಳೂರೋ. ಎದೆ ಹಿಡಿದುಕೊಂಡ ಮೇಲೆ ಮೊದಲ ಒಂದು ಗಂಟೆ ಬಹಳ ಮುಖ್ಯ ಎನ್ನುತ್ತಾರೆ. ಮಳೆಗಾಲದ ರಾತ್ರಿ ಆ ಒಂದು ಗಂಟೆ ನಮಗೆ ವಾಹನ ಹುಡುಕುವುದರಲ್ಲೇ ಮುಗಿಯುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ವರದಿ ನೋಡಿ ಸಲಹೆ ಕೊಡುವ ಕೆಲಸ ಶುರು ಮಾಡಿದ್ದು ಇದೇ ಕಾರಣಕ್ಕೆ. ಸರ್ಕಾರ ಪುನೀತ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿದ್ದೂ ಇದಕ್ಕೇ. ಇವು ಬೇಕೇ ಬೇಕು. ಆದರೆ ಇವೆಲ್ಲ ಆಘಾತ ಆದ ಮೇಲಿನ ವ್ಯವಸ್ಥೆ.

ನಗರದವನಿಗೆ ಆಸ್ಪತ್ರೆ ಹತ್ತಿರ. ಆಸ್ಪತ್ರೆ ದೂರ ಇರುವ ನಮಗೆ ಮುನ್ಸೂಚನೆಯೇ ಆಸರೆ. ಅದನ್ನು ಕಳೆದುಕೊಳ್ಳುವಷ್ಟು ಶ್ರೀಮಂತರು ನಾವಲ್ಲ.

ಗೋಡೆ ಬರಹದ ವ್ಯಾಪಾರ

ಕರ್ನಾಟಕದ ಯಾವ ಬಸ್‌ಸ್ಟ್ಯಾಂಡಿಗೆ ಹೋದರೂ ಮೂತ್ರಿಯ ಗೋಡೆ ಮೇಲೆ ಒಂದು ಜಾಹೀರಾತು ಇರುತ್ತದೆ. ‘ಗುಪ್ತರೋಗ, ನರ ದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ.’ ಯಾವುದೋ ಲಾಡ್ಜಿನ ಹೆಸರು, ವಾರದ ಒಂದು ದಿನ, ಮೊಬೈಲ್ ನಂಬರು. ಈಗ ಅದೇ ಜಾಹೀರಾತು ಫೇಸ್‌ಬುಕ್ ವಿಡಿಯೋ ಆಗಿ ನಮ್ಮ ಫೋನಿಗೇ ಬರುತ್ತದೆ.

ಇದು ಕಾನೂನುಬಾಹಿರ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನೇ ನಿಷೇಧಿಸಿದೆ. ಕಾಯ್ದೆಗೆ ಎಪ್ಪತ್ತು ದಾಟಿತು, ಗೋಡೆ ಬರಹ ಹಾಗೇ ಇದೆ.

ಮೋಸ ಹೋಗುವವರು ಓದದವರು ಮಾತ್ರ ಎಂದುಕೊಳ್ಳಬೇಡಿ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆಗೆ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ದೂರು ಕೊಟ್ಟರು. ರಸ್ತೆ ಬದಿಯ ಟೆಂಟಿನಲ್ಲಿ ಲೈಂಗಿಕ ಸಮಸ್ಯೆಗೆ ಔಷಧ ಕೊಡುತ್ತೇವೆ ಎಂದವರನ್ನು ನಂಬಿ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡೆ, ಕಿಡ್ನಿಗೂ ತೊಂದರೆಯಾಯಿತು ಎನ್ನುವುದು ಅವರ ದೂರು. ಅಷ್ಟು ಓದಿದವರನ್ನೂ ಅಲ್ಲಿಗೆ ಎಳೆದೊಯ್ದಿದ್ದು ನಾಚಿಕೆ. ಎಂಬಿಬಿಎಸ್ ಡಾಕ್ಟರ ಮುಂದೆ ಹೇಳಲಾಗದ್ದನ್ನು ಗುರುತಿಲ್ಲದವನ ಮುಂದೆ ಹೇಳುವುದು ಸುಲಭ.

ಇವರು ಕೊಡುವ ಪುಡಿ, ಲೇಹ್ಯ ಕೆಲವೊಮ್ಮೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಏಕೆಂದರೆ ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದ ಔಷಧವನ್ನೇ ಕದ್ದು ಬೆರೆಸಿರುವುದು ಅನೇಕ ದೇಶಗಳಲ್ಲಿ ಪರೀಕ್ಷೆಯಿಂದ ಗೊತ್ತಾಗಿದೆ.

ಇಲ್ಲೊಂದು ಜೀವದ ಪ್ರಶ್ನೆ ಇದೆ, ದಯವಿಟ್ಟು ಗಮನವಿಟ್ಟು ಓದಿ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಎಷ್ಟೋ ಮನೆಯಲ್ಲಿ ಇರುತ್ತದೆ. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಲಾಫಿಲ್ ನುಂಗಿದ 48 ಗಂಟೆಯೊಳಗೆ ನೈಟ್ರೇಟ್ ತೆಗೆದುಕೊಂಡರೆ ಬಿಪಿ ಒಮ್ಮೆಲೇ ಕುಸಿದು ಪ್ರಾಣ ಹೋಗಬಹುದು. ಪುಡಿಯಲ್ಲಿ ಏನಿದೆ ಎಂದು ತಿಂದವನಿಗೇ ಗೊತ್ತಿರುವುದಿಲ್ಲ. ಹೆಂಡತಿಗೆ, ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಈ ಮಾತ್ರೆಗಳು ಕೆಟ್ಟವಲ್ಲ. 1998ರಿಂದ ಬಳಕೆಯಲ್ಲಿವೆ, ಡಾಕ್ಟರು ಹೃದಯ ನೋಡಿ ಬರೆದುಕೊಟ್ಟರೆ ಬಹಳ ಜನರಿಗೆ ಉಪಯೋಗವಾಗುತ್ತವೆ. ಚೀಟಿ ಇಲ್ಲದೆ ಮೆಡಿಕಲ್‌ನವರು ಮಾರುವಂತಿಲ್ಲ. ಆದರೆ ಒಂದು ನೆನಪಿರಲಿ. ಆ ಮಾತ್ರೆ ಕೆಲವು ಗಂಟೆ ನಾಳವನ್ನು ಅಗಲ ಮಾಡುತ್ತದೆ, ನಾಳದ ಗೋಡೆಯಲ್ಲಿ ಕೂತ ಕೊಬ್ಬನ್ನು ತೊಳೆಯುವುದಿಲ್ಲ. ಮಾತ್ರೆ ಸಿಕ್ಕಿತೆಂದು ಪರೀಕ್ಷೆ ಬಿಟ್ಟರೆ ಎಚ್ಚರಿಕೆಯ ಗಂಟೆಯ ನಾಲಿಗೆ ಕಿತ್ತಿಟ್ಟ ಹಾಗಾಯಿತು.

ಎಲ್ಲವೂ ಕೊಲೆಸ್ಟ್ರಾಲ್ ಅಲ್ಲ

ನಿಮಿರು ದೌರ್ಬಲ್ಯ ಇದ್ದವರಿಗೆಲ್ಲ ಹೃದಯಾಘಾತ ಆಗುತ್ತದೆ ಎಂದು ನಾವು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ನರವನ್ನೂ ನಾಳವನ್ನೂ ಹಾಳು ಮಾಡುತ್ತದೆ. ಕೆಲವು ಬಿಪಿ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆಗಳಿಂದ ಆಗಬಹುದು. ಕುಡಿತದಿಂದ ಆಗಬಹುದು. ಹಾರ್ಮೋನು ಕಮ್ಮಿಯಾಗಿ ಆಗಬಹುದು.

ಚಿಂತೆಯಿಂದಲೂ ಆಗಬಹುದು. ನಮ್ಮ ಕಡೆ ಚಿಂತೆಗೆ ಬರವೇ? ಹಳದಿ ಎಲೆ ರೋಗ ಬಂದ ತೋಟ, ಎಲೆಚುಕ್ಕಿ, ಸೊಸೈಟಿ ಸಾಲ, ಒತ್ತುವರಿ ನೋಟಿಸು, ಆನೆ ಕಾಟ. ರಾತ್ರಿ ಇಷ್ಟು ತಲೆಯಲ್ಲಿ ತುಂಬಿಕೊಂಡು ಮಲಗಿದವನಿಗೆ ದೇಹ ಮುಷ್ಕರ ಹೂಡಿದರೆ ಆಶ್ಚರ್ಯವಿಲ್ಲ.

ಒಂದು ಅಂದಾಜು ಗುರುತು ಇದೆ. ತೊಂದರೆ ಇದ್ದಕ್ಕಿದ್ದಂತೆ ಶುರುವಾಗಿ, ಬೆಳಗಿನ ಜಾವ ಏಳುವಾಗ ಮಾತ್ರ ಮೊದಲಿನಂತೆ ನಿಮಿರಿರುತ್ತದೆ ಎಂದರೆ ಕಾರಣ ಹೆಚ್ಚಾಗಿ ಮನಸ್ಸಿನದ್ದು. ತಿಂಗಳುಗಟ್ಟಲೆ ನಿಧಾನವಾಗಿ ಕಮ್ಮಿಯಾಗುತ್ತಾ ಬಂದು ಬೆಳಗಿನ ನಿಮಿರುವಿಕೆಯೂ ಇಲ್ಲವಾಗಿದ್ದರೆ ರಕ್ತನಾಳವನ್ನು ಅನುಮಾನಿಸಬೇಕು. ಇದು ಅಂದಾಜು ಮಾತ್ರ. ತೀರ್ಮಾನ ಮಾಡುವವರು ಡಾಕ್ಟರು, ನಾವೂ ಅಲ್ಲ, ನೀವೂ ಅಲ್ಲ. ಬಿಪಿ ಮಾತ್ರೆಯಿಂದ ಹೀಗಾಯಿತು ಎಂದುಕೊಂಡು ನಿಮ್ಮಷ್ಟಕ್ಕೆ ಅದನ್ನು ನಿಲ್ಲಿಸುವುದಂತೂ ಬೇಡವೇ ಬೇಡ.

ಏನು ಮಾಡಬೇಕು?

ಮೊದಲು ಬಾಯಿ ಬಿಡಬೇಕು. ಹೇಗೆ ಹೇಳುವುದು ಎಂದು ಹೆದರುವವರಿಗೆ ನಾವೇ ವಾಕ್ಯ ಬರೆದುಕೊಡುತ್ತೇವೆ: ‘ಡಾಕ್ಟ್ರೇ, ಕೆಲವು ತಿಂಗಳಿಂದ ನನಗೆ ಸರಿಯಾಗಿ ನಿಮಿರುತ್ತಿಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಹೃದಯ ನೋಡಿ.’ ಬಾಯಲ್ಲಿ ಬರದಿದ್ದರೆ ಇದನ್ನೇ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಡಾಕ್ಟರು ನಗುವುದಿಲ್ಲ. ಅವರಿಗೆ ಇದು ಕೆಮ್ಮು, ನೆಗಡಿಯಷ್ಟೇ ಸಾಮಾನ್ಯ.

ಆಮೇಲೆ ಲಿಪಿಡ್ ಪ್ರೊಫೈಲ್ ಎಂಬ ರಕ್ತ ಪರೀಕ್ಷೆ. ಪೇಟೆಯ ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿ ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಬೇಕು ಎನ್ನುವ ಕಾರಣಕ್ಕೆ ಹಳ್ಳಿಯವರು ಇದನ್ನು ಮುಂದೂಡುವುದುಂಟು. ಬೆಳಗಿನ ಮೊದಲ ಬಸ್ಸು ತಪ್ಪಿದರೆ ಮುಗಿಯಿತು. ಆದರೆ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮೊದಲ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ ಎಂದಿದೆ. ಟ್ರೈಗ್ಲಿಸರೈಡ್ ತುಂಬಾ ಹೆಚ್ಚು ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡುತ್ತಾರೆ. ತಿಂಡಿ ತಿಂದು ಹತ್ತು ಗಂಟೆ ಬಸ್ಸಿಗೆ ಹೋದರೂ ಆಯಿತು.

ವರದಿ ಕೈಗೆ ಬಂದಾಗ ನೋಡಬೇಕಾದ್ದು ಇಷ್ಟು. ಎಲ್‌ಡಿಎಲ್ 100ರೊಳಗೆ ಇದ್ದರೆ ಒಳ್ಳೆಯದು, 160 ದಾಟಿದರೆ ಹೆಚ್ಚು, 190 ದಾಟಿದರೆ ಬಹಳ ಹೆಚ್ಚು. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ ಕಮ್ಮಿ ಇರಬಾರದು. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ಹೃದಯದ ತೊಂದರೆ ಆದವರಿಗೆ ಎಲ್‌ಡಿಎಲ್ ಇನ್ನೂ ಕೆಳಗಿಳಿಸಬೇಕಾಗುತ್ತದೆ.

ಹೆಚ್ಚಿದ್ದರೆ ಡಾಕ್ಟರು ಸ್ಟಾಟಿನ್ ಮಾತ್ರೆ ಕೊಡಬಹುದು. ‘ಕೊಲೆಸ್ಟ್ರಾಲ್ ಮಾತ್ರೆ ತಿಂದರೆ ಗಂಡಸ್ತನ ಹೋಗುತ್ತದೆ’ ಎಂಬ ಮಾತು ಊರಲ್ಲಿದೆ. ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಕಂಡಿದ್ದು ಉಲ್ಟಾ: ಸ್ಟಾಟಿನ್ ತೆಗೆದುಕೊಂಡವರಲ್ಲಿ ನಿಮಿರುವಿಕೆ ಸ್ವಲ್ಪ ಸುಧಾರಿಸಿತ್ತು. ಮಾತ್ರೆ ದುಬಾರಿಯೂ ಅಲ್ಲ, ಜನೌಷಧಿ ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ.

ಮಾತ್ರೆಯಷ್ಟೇ ಮುಖ್ಯ ನಡಿಗೆ. ಇಟಲಿಯ ನೇಪಲ್ಸ್‌ನಲ್ಲಿ ನಿಮಿರು ದೌರ್ಬಲ್ಯ ಇದ್ದ 110 ದಪ್ಪ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷ ಊಟ, ನಡಿಗೆಯನ್ನು ಹಿಂದೆ ಬಿದ್ದು ತಿದ್ದಿದರು. ಇನ್ನೊಂದಕ್ಕೆ ಬರೀ ಸಲಹೆ ಕೊಟ್ಟರು. ಮೊದಲ ಗುಂಪಿನ 55 ಜನರಲ್ಲಿ 17 ಮಂದಿ ಮೊದಲಿನಂತಾದರು, ಎರಡನೆಯದರಲ್ಲಿ 3 ಮಂದಿ. 2004ರ ವರದಿ ಇದು. ಪುಡಿಯಿಲ್ಲ, ಲೇಹ್ಯವಿಲ್ಲ. ತೂಕ ಇಳಿಸಿದರು, ನಡೆದರು, ಅಷ್ಟೇ. ಬೀಡಿ, ಸಿಗರೇಟು ಇದ್ದವರು ಅದನ್ನು ಬಿಡದೆ ಬೇರೇನು ಮಾಡಿದರೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ.

ಹೆಂಗಸರಿಗೂ ಒಂದು ಮಾತು. ಅಕ್ಕಂದಿರೇ, ಇದರಲ್ಲಿ ನಿಮ್ಮ ತಪ್ಪಿಲ್ಲ. ಅವರಿಗೆ ನಿಮ್ಮ ಮೇಲೆ ಮನಸ್ಸಿಲ್ಲ ಎಂದೋ, ಇನ್ನೆಲ್ಲೋ ಸಂಬಂಧ ಇದೆ ಎಂದೋ ಕೊರಗುವ ಮೊದಲು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. ‘ನಂಗೂ ಶುಗರ್ ನೋಡಿಸ್ಬೇಕು, ಜೊತೆಗೆ ಬನ್ನಿ’ ಎಂದರೆ ಗಂಡಸರು ಹೊರಡುತ್ತಾರೆ.

ಸರ್ಕಾರ ಒಂದು ಪ್ರಶ್ನೆ ಸೇರಿಸಲಿ

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ಬೀಡಿ ಸೇದುತ್ತೀರಾ, ಕುಡಿಯುತ್ತೀರಾ, ಸೊಂಟದ ಅಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯಾ ಎಂದು ಕೇಳುತ್ತಾರೆ. ಒಳ್ಳೆಯ ಕೆಲಸ. ನಿಮಿರು ದೌರ್ಬಲ್ಯದ ಪ್ರಶ್ನೆ ಅಲ್ಲಿಲ್ಲ. ಇದ್ದಿದ್ದರೂ ಊರಿನ ಅಕ್ಕನ ಎದುರು ಯಾವ ಗಂಡಸೂ ಉತ್ತರ ಹೇಳುವುದಿಲ್ಲ. ಆಶಾ ಅಕ್ಕನಿಗೂ ಆ ಮುಜುಗರ ಕೊಡುವುದು ನ್ಯಾಯವಲ್ಲ.

ನಮ್ಮ ಬೇಡಿಕೆ ಸಣ್ಣದು. ನಲವತ್ತು ದಾಟಿದ ಗಂಡಸರಿಗೆ ಈ ಒಂದು ಪ್ರಶ್ನೆಯನ್ನು ಪುರುಷ ಆರೋಗ್ಯ ಸಿಬ್ಬಂದಿ ಬಾಗಿಲು ಹಾಕಿಕೊಂಡು ಕೇಳಲಿ. ಹೌದು ಎಂದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಪಿಡ್ ಪ್ರೊಫೈಲ್, ಶುಗರ್, ಇಸಿಜಿ ಬಿಟ್ಟಿಯಾಗಿ ಆಗಲಿ. ಪಂಚಾಯಿತಿಗಳು ಬಸ್‌ಸ್ಟ್ಯಾಂಡ್ ಗೋಡೆಯ ಆ ಜಾಹೀರಾತಿನ ಮೇಲೆ ಸುಣ್ಣ ಬಳಿದು, ಅಲ್ಲೇ ದೊಡ್ಡದಾಗಿ ಬರೆಸಲಿ: ‘ನಿಮಿರು ದೌರ್ಬಲ್ಯವೇ? ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ.’ ಗಂಡಸರು ತಪ್ಪದೆ ಸೇರುವುದು ಸೊಸೈಟಿ ಮಹಾಸಭೆಗೆ, ಕ್ರಿಕೆಟ್ ಟೂರ್ನಿಗೆ. ಆರೋಗ್ಯ ಶಿಬಿರವೂ ಅಲ್ಲಿಗೇ ಬರಲಿ.

‘ಇಂಥದ್ದೆಲ್ಲ ಬರೆಯುತ್ತಾರಾ, ಮನೆಯಲ್ಲಿ ಮಕ್ಕಳು ಫೋನ್ ನೋಡುತ್ತಾರೆ’ ಎಂದು ಕೇಳುವವರಿದ್ದಾರೆ. ಪಕ್ಕದ ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಗಂಡ ಹೆಂಡಿರ ಮೈಯ ವಿಷಯವನ್ನು ‘ದಾಂಪತ್ಯ ದೀಪಿಕೆ’ಯಲ್ಲಿ ಬಿಡಿಸಿ ಬರೆದು ದಶಕಗಳೇ ಆದವು. ಒಬ್ಬ ಹೆಣ್ಣುಮಗಳು ಆ ಕಾಲದಲ್ಲೇ ಬರೆದದ್ದನ್ನು ಗಂಡಸರು ಈ ಕಾಲದಲ್ಲೂ ಡಾಕ್ಟರ ಕಿವಿಯಲ್ಲಿ ಹೇಳಲಾರೆವು ಎಂದರೆ ಹೇಗೆ? ಇನ್ನು ಮಕ್ಕಳ ವಿಷಯ. ಅವರು ಇದನ್ನು ಓದಿದರೆ ಅಪ್ಪನನ್ನು ಲ್ಯಾಬಿಗೆ ಕರೆದುಕೊಂಡು ಹೋಗುವವರು ಅವರೇ.

ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ, ಮಗಳ ಮದುವೆ ಆಗಲಿ ಎಂದು ಮುಂದೂಡಬೇಡಿ. ಮುಂದಿನ ಸಲ ಶೃಂಗೇರಿಗೋ ಕೊಪ್ಪಕ್ಕೋ ಬಾಳೆಹೊನ್ನೂರಿಗೋ ಸಾಮಾನಿಗೆ ಹೋದಾಗ ಲ್ಯಾಬಿನ ಮೆಟ್ಟಿಲು ಹತ್ತಿ. ರಕ್ತ ಕೊಡಲು ಐದು ನಿಮಿಷ ಸಾಕು.